ನೆಲ ಬಿಟ್ಟವರ ಭಯ

ಪರಿಚಯದ ಮೇಷ್ಟ್ರೊಬ್ಬರಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ, ಅಷ್ಟು ಭಾರದ ಯಂತ್ರ ಹೇಗೆ ಮೇಲೇಳುತ್ತದೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬರೆದು ತೋರಿಸಿದವರು. ಆದರೆ ಸ್ವತಃ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಎರಡು ಬಾಣಂತನಕ್ಕೂ ಹೆಂಡತಿಯೊಬ್ಬರನ್ನೇ ಕಳಿಸಿದರು. ಕೇಳಿದವರಿಗೆ ‘ತೋಟ ನೋಡಿಕೊಳ್ಳುವವರಿಲ್ಲ’ ಎನ್ನುತ್ತಿದ್ದರು. ನಿಜವಾದ ಕಾರಣ ಮನೆಯವರಿಗೆ ಮಾತ್ರ ಗೊತ್ತಿತ್ತು. ಮೇಷ್ಟ್ರಿಗೆ ವಿಮಾನವೆಂದರೆ ಭಯ.

ಇದನ್ನು ಹೇಡಿತನವೆಂದು ನಕ್ಕುಬಿಡುವುದು ಸುಲಭ. ಆದರೆ ಈ ಭಯಕ್ಕೆ ಸಿಕ್ಕಿಬಿದ್ದವರ ಪಟ್ಟಿ ನೋಡಿದರೆ ನಗು ನಿಲ್ಲುತ್ತದೆ. ತಮ್ಮ ಕತೆಗಳಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಾಡಿದ ವಿಜ್ಞಾನ ಲೇಖಕ ಐಸಾಕ್ ಅಸಿಮೊವ್ ಜೀವಮಾನದಲ್ಲಿ ವಿಮಾನ ಹತ್ತಿದ್ದು ಎರಡೇ ಸಲ. ಚಿತ್ರ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್‌ಗೆ ವಿಮಾನ ನಡೆಸುವ ಪರವಾನಗಿಯೇ ಇತ್ತು. ಆದರೂ ಅವರು ಹಾರಾಟ ಬಿಟ್ಟರು. ವಿಯೆಟ್ನಾಂ ಯುದ್ಧದ ಚಿತ್ರವನ್ನು ಇಂಗ್ಲೆಂಡಿನಲ್ಲೇ ಚಿತ್ರೀಕರಿಸಿದರು. ಹಾಲೆಂಡಿನ ಫುಟ್ಬಾಲ್ ತಾರೆ ಡೆನಿಸ್ ಬರ್ಗ್‌ಕ್ಯಾಂಪ್ 1994ರ ವಿಶ್ವಕಪ್ಪಿನ ನಂತರ ವಿಮಾನ ಹತ್ತಲೊಲ್ಲದೆ, ದೂರದ ಪಂದ್ಯಗಳಿಗೆ ಕಾರಿನಲ್ಲೋ ರೈಲಿನಲ್ಲೋ ಹೋಗುತ್ತಿದ್ದರು, ಇಲ್ಲವೇ ಪಂದ್ಯವನ್ನೇ ಬಿಡುತ್ತಿದ್ದರು. ಬುದ್ಧಿ, ತಿಳಿವಳಿಕೆ, ದೇಹಬಲ ಯಾವುದೂ ಈ ಭಯಕ್ಕೆ ಅಡ್ಡ ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹಳೆಯ ಭಯ, ಹೊಸ ವಾಹನ

ಹಾರುವ ಆಸೆಯಷ್ಟೇ ಹಳೆಯದು ಬೀಳುವ ಭಯ. ರಾಮಾಯಣದಲ್ಲಿ ಪುಷ್ಪಕ ವಿಮಾನವಿರುವಂತೆ ಸಂಪಾತಿಯೂ ಇದ್ದಾನೆ. ಸೂರ್ಯನ ಸಮೀಪಕ್ಕೆ ಹಾರಿದ ತಮ್ಮ ಜಟಾಯುವನ್ನು ಕಾಯಲು ಹೋಗಿ ತನ್ನ ರೆಕ್ಕೆಗಳನ್ನೇ ಸುಟ್ಟುಕೊಂಡು ನೆಲಕ್ಕೆ ಬಿದ್ದವನು ಅವನು. ಗ್ರೀಕರ ಇಕಾರಸ್ ಕೂಡ ಸೂರ್ಯನ ಹತ್ತಿರ ಹೋಗಿ, ಮೇಣದ ರೆಕ್ಕೆ ಕರಗಿ ಕಡಲಿಗೆ ಬಿದ್ದ. ಮನುಷ್ಯನಿಗೆ ಹಾರಲು ಬರುವುದಕ್ಕೆ ಎಷ್ಟೋ ಮುಂಚೆಯೇ ಹಾರಿದವನು ಬೀಳುತ್ತಾನೆಂಬ ಕತೆ ಅವನ ಬಳಿ ಸಿದ್ಧವಾಗಿತ್ತು.

ಹೊಸ ವಾಹನ ಬಂದಾಗಲೆಲ್ಲ ಹೀಗೊಂದು ಭಯವೂ ಜೊತೆಗೆ ಬಂದಿದೆ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ನಮ್ಮ ಹಿರಿಯರ ನಂಬಿಕೆಯ ಹಿಂದೆ ಹೋದವರು ಮರಳಿ ಬರುವರೋ ಇಲ್ಲವೋ ಎಂಬ ಅಳುಕೂ ಇದ್ದಿರಬೇಕು. ಇಂಗ್ಲೆಂಡಿನಲ್ಲಿ ರೈಲು ಬಂದಾಗ ಅದರ ವೇಗಕ್ಕೆ ಹೆದರಿದವರಿದ್ದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ನಡೆದ ರೈಲು ಅಪಘಾತದಲ್ಲಿ ಬದುಕುಳಿದರು. ಆದರೆ ಆಮೇಲೆ ರೈಲು ಹತ್ತಿದಾಗಲೆಲ್ಲ ನಡುಗುತ್ತಿದ್ದರು. ಸರಿಯಾಗಿ ಐದು ವರ್ಷಕ್ಕೆ, ಅದೇ ಜೂನ್ 9ರಂದು, ಅವರು ತೀರಿಕೊಂಡರು. ಇಂದು ರೈಲೆಂದರೆ ನಮಗೆ ತೂಕಡಿಸುವ ಜಾಗ. ಭಯ ಅಲ್ಲಿಂದ ಇಳಿದು ವಿಮಾನ ಹತ್ತಿದೆ.

ಗಗನಸಖಿ ಏಕೆ ಬಂದಳು?

1903ರ ಡಿಸೆಂಬರ್ 17ರಂದು ರೈಟ್ ಸೋದರರ ಯಂತ್ರ ಮೊದಲ ಸಲ ಹಾರಿದ್ದು ಕೇವಲ 12 ಸೆಕೆಂಡು, 120 ಅಡಿ. ಎಂಟು ವರ್ಷದೊಳಗೆ, 1911ರ ಫೆಬ್ರವರಿ 18ರಂದು, ನಮ್ಮ ಅಲಹಾಬಾದಿನಿಂದ ನೈನಿಗೆ ಅಂಚೆ ಚೀಲ ಹೊತ್ತ ವಿಮಾನ ಹಾರಿತು. ಕಾಗದಗಳಿಗೆ ಭಯವಿಲ್ಲ, ತೊಂದರೆ ಬಂದದ್ದು ಮನುಷ್ಯರನ್ನು ಹತ್ತಿಸುವಾಗ. 1920ರ ದಶಕದ ಪ್ರಯಾಣಿಕ ವಿಮಾನಗಳು ಮೋಡಗಳ ಮೇಲೆ ಹೋಗುವಷ್ಟು ಶಕ್ತವಾಗಿರಲಿಲ್ಲ. ಕೆಳಮಟ್ಟದ ಗಾಳಿಯಲ್ಲಿ ಎತ್ತಿನಗಾಡಿಯಂತೆ ಕುಲುಕುತ್ತಿದ್ದವು. ಕಿವಿಗಡಚಿಕ್ಕುವ ಸದ್ದು, ಚಳಿ, ವಾಂತಿ. ಹಣವಿದ್ದವರೂ ರೈಲೇ ಲೇಸೆನ್ನುತ್ತಿದ್ದರು.

ಆಗ ಎಲೆನ್ ಚರ್ಚ್ ಎಂಬ ಅಮೆರಿಕದ ನರ್ಸ್ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯ ಬಾಗಿಲು ತಟ್ಟಿದರು. ವಿಮಾನ ನಡೆಸಲು ಕಲಿತಿದ್ದ ಅವರಿಗೆ ಪೈಲಟ್ ಆಗುವ ಆಸೆ. ಹೆಣ್ಣೆಂಬ ಕಾರಣಕ್ಕೆ ಅದು ಸಿಗಲಿಲ್ಲ. ಆದರೆ ಅವರು ಬೇರೊಂದು ಮಾತು ಮುಂದಿಟ್ಟರು: ವಿಮಾನದಲ್ಲಿ ನರ್ಸ್‌ಗಳಿದ್ದರೆ ಜನರ ಭಯ ಕಡಿಮೆಯಾಗುತ್ತದೆ. ಕಂಪನಿ ಒಪ್ಪಿತು. 1930ರ ಮೇ 15ರಂದು ಕ್ಯಾಲಿಫೋರ್ನಿಯಾದಿಂದ ಷಿಕಾಗೋಗೆ ಹೊರಟ ವಿಮಾನದಲ್ಲಿ ಚರ್ಚ್ ಕೆಲಸಕ್ಕೆ ನಿಂತರು. ಹದಿಮೂರು ಕಡೆ ಇಳಿದು ಏರುತ್ತ ಸುಮಾರು ಇಪ್ಪತ್ತು ಗಂಟೆಯ ಪಯಣ. ಅವರೂ ಸೇರಿ ಮೊದಲಿಗೆ ನೇಮಕವಾದ ಎಂಟೂ ಮಂದಿ ನರ್ಸ್‌ಗಳೇ. ಎರಡನೆಯ ಮಹಾಯುದ್ಧ ನರ್ಸ್‌ಗಳನ್ನು ರಣರಂಗಕ್ಕೆ ಕರೆದೊಯ್ಯುವವರೆಗೂ ಈ ಹುದ್ದೆಗೆ ನರ್ಸಿಂಗ್ ತರಬೇತಿ ಅಗತ್ಯವಾಗಿತ್ತು.

ಇಂಗ್ಲಿಷಿನ ‘ಏರ್ ಹೋಸ್ಟೆಸ್’ ಎಂಬ ಪದದಲ್ಲಿ ಅತಿಥಿ ಸತ್ಕಾರದ ಭಾವವಿದೆ. ಕನ್ನಡ ಪತ್ರಿಕೆಗಳು ಬಳಕೆಗೆ ತಂದ ‘ಗಗನಸಖಿ’ ಎಂಬ ಪದ ಈ ಹುದ್ದೆಯ ಮೂಲಕ್ಕೆ ಇನ್ನೂ ಹತ್ತಿರವಾಗಿದೆ. ಆಕೆ ಮೊದಲು ಬಂದದ್ದು ಊಟದ ತಟ್ಟೆ ಹಿಡಿದಲ್ಲ, ಹೆದರಿದವರಿಗೆ ಜೊತೆಯಾಗಿ.

ಲೆಕ್ಕಕ್ಕೆ ಬಗ್ಗದ ಮನಸ್ಸು

‘ರಸ್ತೆಗಿಂತ ವಿಮಾನವೇ ಸುರಕ್ಷಿತ’ ಎಂಬ ಸಮಾಧಾನವನ್ನು ಎಲ್ಲರೂ ಕೇಳಿರುತ್ತೇವೆ. ಮಾತು ನಿಜ. ಭಾರತದ ರಸ್ತೆಗಳಲ್ಲಿ 2022ರಲ್ಲಿ 1,68,491 ಜನ ಸತ್ತರು. ಅಂದರೆ ದಿನಕ್ಕೆ ಸುಮಾರು 460. ಅಮೆರಿಕದ ಎಂ.ಐ.ಟಿ. ವಿದ್ವಾಂಸ ಆರ್ನಾಲ್ಡ್ ಬಾರ್ನೆಟ್ ಅವರ ಲೆಕ್ಕದಂತೆ, 2018ರಿಂದ 2022ರವರೆಗೆ ಜಗತ್ತಿನ ವಾಣಿಜ್ಯ ವಿಮಾನಗಳಲ್ಲಿ 1 ಕೋಟಿ 37 ಲಕ್ಷ ಪ್ರಯಾಣಕ್ಕೆ ಒಬ್ಬರಂತೆ ಸತ್ತಿದ್ದಾರೆ. 1968-77ರ ಅವಧಿಯಲ್ಲಿ ಇದು ಮೂರೂವರೆ ಲಕ್ಷಕ್ಕೆ ಒಬ್ಬರಂತಿತ್ತು.

ಆದರೆ ಮನಸ್ಸು ಲೆಕ್ಕ ನೋಡುವುದಿಲ್ಲ, ಚಿತ್ರ ನೋಡುತ್ತದೆ. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ 92 ಮಂದಿ, 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ, 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನದಲ್ಲಿದ್ದ 242 ಮಂದಿಯ ಪೈಕಿ 241 ಜನ ತೀರಿಕೊಂಡರು. ಆ ಚಿತ್ರಗಳನ್ನು ಕಂಡವರು ಹೆದರಿದರೆ ಅದು ತಪ್ಪಲ್ಲ. ಮಂಗಳೂರಿನಲ್ಲಿ ಸತ್ತವರ ಹೆಚ್ಚುಕಡಿಮೆ ಮೂರರಷ್ಟು ಜನ ದೇಶದ ರಸ್ತೆಗಳಲ್ಲಿ ದಿನವೂ ಸಾಯುತ್ತಾರೆ. ಆದರೆ ಒಂದೇ ಕಡೆ ಅಲ್ಲ, ಒಂದೇ ಕ್ಷಣದಲ್ಲಿ ಅಲ್ಲ. ಆದ್ದರಿಂದ ಅದು ನಮ್ಮ ಕಣ್ಣಿಗೆ ಕಟ್ಟುವುದಿಲ್ಲ.

ಇನ್ನೊಂದು ಕಾರಣ ಹಿಡಿತ. ಅಪಾಯವನ್ನು ಜನ ಅಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್, ನಮ್ಮ ಕೈಮೀರಿದ, ಒಮ್ಮೆಗೇ ಬಹಳ ಜನರನ್ನು ಬಲಿ ತೆಗೆದುಕೊಳ್ಳುವ ಅಪಾಯಗಳಿಗೆ ನಾವು ಹೆಚ್ಚು ಹೆದರುತ್ತೇವೆ ಎಂದು ತೋರಿಸಿಕೊಟ್ಟರು. ಶಿರಾಡಿ ಘಾಟಿಯ ತಿರುವುಗಳಲ್ಲಿ ರಾತ್ರಿ ಬಸ್ಸಿನಲ್ಲಿ ಗೊರಕೆ ಹೊಡೆಯುವವರೇ ವಿಮಾನದಲ್ಲಿ ಕುರ್ಚಿಯ ಕೈ ಹಿಡಿದು ಕೂರುತ್ತಾರೆ. ಬಸ್ಸಿನಲ್ಲಿ ‘ನಿಲ್ಸಿ, ಇಳೀತೀನಿ’ ಎನ್ನಬಹುದು, ಇಲ್ಲಿ ಅದಿಲ್ಲ.

ಈ ಭಯಕ್ಕೆ ತೆತ್ತ ಬೆಲೆಯೂ ದಾಖಲಾಗಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಹಳಷ್ಟು ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹಿಡಿದರು. ಅದರಿಂದಾಗಿ ಮುಂದಿನ ಒಂದು ವರ್ಷದಲ್ಲಿ ರಸ್ತೆಗಳಲ್ಲಿ ಸುಮಾರು 1,500 ಮಂದಿ ಹೆಚ್ಚುವರಿಯಾಗಿ ಸತ್ತರೆಂದು ಜರ್ಮನಿಯ ವಿದ್ವಾಂಸ ಗೆರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ.

ಸದ್ದುಗಳಿಗೆ ಅರ್ಥವಿದೆ

ಭಯವಾದಾಗ ಮಿದುಳು ಅಡ್ರಿನಲಿನ್ ಸುರಿಸುವಂತೆ ದೇಹಕ್ಕೆ ಆಜ್ಞೆ ಕೊಡುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಉಸಿರಾಟ ಜೋರಾಗುತ್ತದೆ. ಉಸಿರು ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತದೆ. ಪ್ರಯಾಣಿಕ ಅದನ್ನೇ ಅಪಾಯದ ಸೂಚನೆಯೆಂದು ಬಗೆದು ಇನ್ನಷ್ಟು ಹೆದರುತ್ತಾನೆ. ಹೀಗೆ ಭಯವೇ ಭಯವನ್ನು ಸಾಕುತ್ತದೆ.

ವಿಮಾನದ ಸದ್ದುಗಳನ್ನು ತಿಳಿದರೆ ಈ ಸುತ್ತು ಸ್ವಲ್ಪ ಸಡಿಲವಾಗುತ್ತದೆ. ಏರಿದ ಕೂಡಲೇ ಕಾಲಡಿಯಲ್ಲಿ ‘ಧಡ್’ ಎಂದರೆ ಚಕ್ರಗಳು ಹೊಟ್ಟೆಯೊಳಗೆ ಸೇರಿದವೆಂದು ಅರ್ಥ. ಕೆಲ ನಿಮಿಷದಲ್ಲಿ ಎಂಜಿನ್ ಸದ್ದು ತಗ್ಗಿ ಕೆಳಗೆ ಜಾರಿದಂತಾಗುತ್ತದೆ. ಪೈಲಟ್ ಎಂಜಿನ್ನಿನ ಬಲವನ್ನು ಬೇಕಾದಷ್ಟಕ್ಕೆ ಇಳಿಸಿರುತ್ತಾರೆ, ವಿಮಾನ ಏರುತ್ತಲೇ ಇರುತ್ತದೆ. ಇಳಿಯುವ ಮುನ್ನ ಕೇಳುವ ಗರಗಸದಂಥ ಸದ್ದು ರೆಕ್ಕೆಯ ಹಿಂಬದಿಯ ಹಲಗೆಗಳು ಚಾಚಿಕೊಳ್ಳುವುದು.

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಕುಲುಕಾಟ. ಆಕಾಶದಲ್ಲಿ ಗುಂಡಿಗಳಿಲ್ಲ, ಗಾಳಿಯ ಏರಿಳಿತಗಳಿವೆ. ರೆಕ್ಕೆ ಬಳುಕುವುದು ಮುರಿಯುವುದಕ್ಕಲ್ಲ, ಮುರಿಯದಿರುವುದಕ್ಕೆ. ಹಾರಾಟದಲ್ಲಿ ಎದುರಾಗಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆಪಟ್ಟನ್ನು ತಡೆದುಕೊಳ್ಳಬೇಕೆಂಬುದು ನಿಯಮ. ಎರಡೂ ಎಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಗರುಡನಂತೆ ತೇಲಿ ಇಳಿಯುತ್ತದೆ. 2001ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಮುಗಿದ ಏರ್ ಟ್ರಾನ್ಸಾಟ್ ವಿಮಾನವನ್ನು ಅದರ ಪೈಲಟ್‌ಗಳು ಹೀಗೆಯೇ ತೇಲಿಸಿ ಅಜೋರ್ಸ್ ದ್ವೀಪದಲ್ಲಿ ಇಳಿಸಿದರು. ಒಳಗಿದ್ದ 306 ಮಂದಿಯೂ ಬದುಕಿದರು. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಕಟ್ಟದವರಿಗೆ. ಆದ್ದರಿಂದ ಕುಳಿತಷ್ಟು ಹೊತ್ತೂ ಅದು ಸೊಂಟದಲ್ಲಿರಲಿ.

ಮೆಟ್ಟಿಲು ಮೆಟ್ಟಿಲಾಗಿ

ಹಗ್ಗವನ್ನು ಹಾವೆಂದು ಹೆದರಿದವನಿಗೆ ‘ಅದು ಹಗ್ಗ’ ಎಂದು ದೂರದಿಂದ ಹೇಳಿದರೆ ಸಾಲದು. ದೀಪ ಹಿಡಿದು ಹತ್ತಿರ ಹೋಗಿ ಅವನೇ ಮುಟ್ಟಿ ನೋಡಬೇಕು. ಮನೋವೈದ್ಯ ಜೋಸೆಫ್ ವೋಲ್ಪ್ 1958ರಲ್ಲಿ ಪ್ರಕಟಿಸಿದ ಚಿಕಿತ್ಸಾಕ್ರಮದ ತಿರುಳೂ ಹೆಚ್ಚುಕಡಿಮೆ ಇದೇ. ಭಯದ ಸಂಗತಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಏಣಿಯಂತೆ ಜೋಡಿಸುವುದು. ಮೈಮನಸ್ಸನ್ನು ಸಡಿಲಿಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತುವುದು. ಮೊದಲು ವಿಮಾನದ ಚಿತ್ರ, ಆಮೇಲೆ ನಿಲ್ದಾಣಕ್ಕೊಂದು ಭೇಟಿ, ಕೊನೆಗೆ ಒಂದು ಚಿಕ್ಕ ಪ್ರಯಾಣ. ಭಯವನ್ನು ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಎದುರಿಗೆ ಕುಳಿತರೆ ಕೆಲ ಹೊತ್ತಿಗೆ ತಾನೇ ಇಳಿಯುತ್ತದೆ.

ಸಣ್ಣ ಉಪಾಯಗಳೂ ಇವೆ. ರೆಕ್ಕೆಯ ಬಳಿಯ ಸೀಟಿನಲ್ಲಿ ಕುಲುಕಾಟ ಕಡಿಮೆ. ನೆಲ ಕಾಯುವ ಮುಂಚಿನ ಬೆಳಗಿನ ವಿಮಾನ ಒಳ್ಳೆಯದು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಮದ್ಯದಿಂದ ಧೈರ್ಯ ಬರುವುದಿಲ್ಲ. ಮುಖ್ಯವಾಗಿ, ಭಯವಿದೆಯೆಂದು ಗಗನಸಖಿಗೆ ಹೇಳಲು ನಾಚಬೇಕಾಗಿಲ್ಲ. ಪ್ರಯಾಣದ ಯೋಚನೆಗೇ ನಿದ್ದೆ ಕೆಡುವಷ್ಟಾದರೆ ಮನೋವೈದ್ಯರನ್ನು ಕಾಣುವುದೇ ಸರಿ.

ಮೇಷ್ಟ್ರ ವಿಷಯಕ್ಕೆ ಬರೋಣ. ಕಳೆದ ವರ್ಷ ಅವರು ವೈದ್ಯರೊಬ್ಬರ ಸಲಹೆಯಂತೆ ಮೊದಲು ವಿಮಾನ ನಿಲ್ದಾಣಕ್ಕೆ ಹೋಗಿ, ಕಾಫಿ ಕುಡಿದು, ವಿಮಾನಗಳು ಏರಿಳಿಯುವುದನ್ನು ನೋಡಿಕೊಂಡು ಹಿಂತಿರುಗಿದರು. ಎರಡು ಸಲ ಹಾಗೆ ಮಾಡಿ, ಮೂರನೆಯ ಸಲ ಹೆಂಡತಿಯೊಡನೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದರು. ‘ಭಯ ಹೋಯಿತೇ ಸಾರ್?’ ಎಂದು ಕೇಳಿದೆ. ‘ಇಲ್ಲಪ್ಪ, ಪಕ್ಕದ ಸೀಟಿನಲ್ಲೇ ಇತ್ತು. ಆದರೆ ನಾನಂತೂ ಹುಬ್ಬಳ್ಳಿಯಲ್ಲಿ ಇಳಿದೆ’ ಎಂದರು. ಈಗ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾರೆ. ದೊಡ್ಡ ಮೊಮ್ಮಗಳಿಗೆ ಆಗಲೇ ಒಂಬತ್ತು ವರ್ಷ.