ಹಿಮದಲ್ಲೊಂದು ಬಿಸಿ ಚುಕ್ಕೆ

2013ರ ಮೇ 9. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿತ್ತು. ನಮ್ಮಲ್ಲಿ ಮೇ ಎಂದರೆ ಸೆಕೆ, ಮಾವಿನ ಹಣ್ಣು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಬಯಲಿನಲ್ಲಿ ಮಾತ್ರ ಮರಗಳ ಬುಡದಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಸೇಂಟ್ ಡೆನಿಸ್ ಎಂಬ ಊರಿನ ಹತ್ತಿರ ವಾಹನವೊಂದು ರಸ್ತೆ ಬಿಟ್ಟು ಪಲ್ಟಿ ಹೊಡೆದಿತ್ತು. ಪೊಲೀಸರು ಬಂದು ನೋಡಿದರೆ ವಾಹನವಿದೆ, ಓಡಿಸುತ್ತಿದ್ದವನಿಲ್ಲ. ಪೆಟ್ಟು ತಿಂದು ದಿಕ್ಕು ತಪ್ಪಿದ ಆತ ಬರೀ ಟೀ ಶರ್ಟ್, ಪ್ಯಾಂಟಿನಲ್ಲಿ ಕತ್ತಲೊಳಗೆ ಎದ್ದು ನಡೆದುಬಿಟ್ಟಿದ್ದ. ಚಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿತ್ತು.

ಸುತ್ತ ಕಾಲ್ನಡಿಗೆಯಲ್ಲಿ ಹುಡುಕಿದರು. ಏರ್ ಆಂಬ್ಯುಲೆನ್ಸ್ ಹೆಲಿಕಾಪ್ಟರ್ ಬಂತು. ಅದರಲ್ಲಿದ್ದವರ ಬಳಿ ರಾತ್ರಿಯಲ್ಲೂ ಕಾಣಿಸುವ ಕನ್ನಡಕವಿತ್ತು. ಆದರೂ ಆತ ಸಿಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅವನೇ ತುರ್ತು ಸಂಖ್ಯೆಗೆ ಫೋನ್ ಮಾಡಿದ. ಚಳಿಯಾಗುತ್ತಿದೆ, ಎಲ್ಲಿದ್ದೇನೋ ಗೊತ್ತಿಲ್ಲ ಎಂದ. ಆ ಕರೆಯ ಜಾಡು ಹಿಡಿದಾಗ ಅದು ಅಪಘಾತದ ಜಾಗದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿತ್ತು. ಎಲ್ಲರೂ ತಪ್ಪು ಜಾಗದಲ್ಲಿ ಹುಡುಕುತ್ತಿದ್ದರು.

ಆಗ ಪೊಲೀಸರು ಹೊರತೆಗೆದದ್ದು ನಾಲ್ಕು ರೆಕ್ಕೆಚಕ್ರಗಳ ಪುಟ್ಟ ಡ್ರೋನ್ ಒಂದನ್ನು. ಹೆಸರು ಡ್ರಾಗನ್‌ಫ್ಲೈಯರ್ ಎಕ್ಸ್4-ಇಎಸ್. ಪಕ್ಕದ ಸಸ್ಕಾಟೂನ್ ನಗರದ ಕಂಪನಿಯೇ ಮಾಡಿದ್ದು. ಅಪಘಾತ ನಡೆದ ಜಾಗವನ್ನು ಮೇಲಿನಿಂದ ಫೋಟೊ ತೆಗೆಯುವುದು ಅದರ ಮಾಮೂಲು ಕೆಲಸ. ಆ ರಾತ್ರಿ ಅದಕ್ಕೆ ಥರ್ಮಲ್ ಕ್ಯಾಮೆರಾ ಕಟ್ಟಿ ಮೇಲಕ್ಕೆ ಬಿಟ್ಟರು.

ಹೆಲಿಕಾಪ್ಟರಿನಲ್ಲಿದ್ದವರ ಕನ್ನಡಕಕ್ಕೂ ಈ ಕ್ಯಾಮೆರಾಕ್ಕೂ ಅಜಗಜಾಂತರ. ಆ ಕನ್ನಡಕ ನಕ್ಷತ್ರ, ಚಂದ್ರರ ಚೂರುಪಾರು ಬೆಳಕನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸುತ್ತದೆ. ಮರದ ನೆರಳಿನಲ್ಲಿ ಮುದುಡಿ ಮಲಗಿದವನು ಅದಕ್ಕೆ ಇನ್ನೊಂದು ನೆರಳು ಅಷ್ಟೆ. ಥರ್ಮಲ್ ಕ್ಯಾಮೆರಾಕ್ಕೆ ಹೊರಗಿನ ಬೆಳಕೇ ಬೇಡ. ಬದುಕಿರುವ ಮೈಯೇ ಅದಕ್ಕೆ ದೀಪ. ಮನುಷ್ಯನ ಚರ್ಮ ಹಗಲೂ ರಾತ್ರಿ ಒಂದು ಬಗೆಯ ಕಿರಣ ಹೊಮ್ಮಿಸುತ್ತಲೇ ಇರುತ್ತದೆ. ನಮ್ಮ ಕಣ್ಣಿಗೆ ಮಾತ್ರ ಅದು ಕಾಣದು.

ಕಾಣದ ಆ ಕಿರಣ ಮೊದಲು ಸಿಕ್ಕಿದ್ದು 1800ರಲ್ಲಿ, ಇಂಗ್ಲೆಂಡಿನ ಸ್ಲೌ ಎಂಬ ಊರಿನಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಸೂರ್ಯನನ್ನು ಬಣ್ಣದ ಗಾಜುಗಳ ಮೂಲಕ ನೋಡುತ್ತಿದ್ದಾಗ ಒಂದೊಂದು ಬಣ್ಣದಲ್ಲಿ ಬಿಸಿ ಒಂದೊಂದು ಥರ ಇದೆಯಲ್ಲ ಎಂದು ಅವರಿಗೆ ಅನುಮಾನ ಬಂತು. ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಮೇಜಿನ ಮೇಲೆ ಹರಡಿ, ಬುಡಕ್ಕೆ ಕಪ್ಪು ಬಳಿದ ಥರ್ಮಾಮೀಟರನ್ನು ಒಂದೊಂದೇ ಬಣ್ಣದಲ್ಲಿ ಇಡುತ್ತ ಬಂದರು. ನೇರಳೆಯಿಂದ ಕೆಂಪಿಗೆ ಬಂದಂತೆ ಪಾದರಸ ಏರಿತು. ಕೆಂಪು ಮುಗಿದ ಮೇಲಿನ ಖಾಲಿ ಜಾಗದಲ್ಲೂ ಇಟ್ಟು ನೋಡಿದರು. ಅಲ್ಲಿ ಇನ್ನೂ ಏರಿತು! ಬಣ್ಣವೇ ಇಲ್ಲದ ಕಡೆ ಥರ್ಮಾಮೀಟರ್ ಇಡಬೇಕು ಎಂದು ತೋಚಿತಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ. ಅದನ್ನೇ ನಾವು ಈಗ ಇನ್‌ಫ್ರಾರೆಡ್, ಕನ್ನಡದಲ್ಲಿ ಅವಗೆಂಪು ಎನ್ನುತ್ತೇವೆ.

ಪಾದರಸದ ಥರ್ಮಾಮೀಟರಿಗೆ ಸೂರ್ಯನ ಬಿಸಿ ಗೊತ್ತಾಗುತ್ತದೆ, ದೂರ ನಿಂತ ಮನುಷ್ಯನ ಬಿಸಿ ಗೊತ್ತಾಗದು. ಅದನ್ನೂ ತಿಳಿಯುವತ್ತ ಹೆಜ್ಜೆ ಇಟ್ಟವರು ಅಮೆರಿಕದ ಖಗೋಳ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ. ಸೂರ್ಯನ ಶಾಖವನ್ನು ಸೂಕ್ಷ್ಮವಾಗಿ ಅಳೆಯಲು 1880ರ ಸುಮಾರಿಗೆ ಅವರು ಬೋಲೊಮೀಟರ್ ಎಂಬ ಸಾಧನ ಮಾಡಿದರು. ಮಸಿ ಬಳಿದ ತೆಳ್ಳನೆಯ ಪ್ಲಾಟಿನಂ ಪಟ್ಟಿಗಳು. ಒಂದರ ಮೇಲೆ ಕಿರಣ ಬಿದ್ದರೆ ಅದು ಒಂದಿಷ್ಟೇ ಇಷ್ಟು ಬಿಸಿಯಾಗುತ್ತದೆ. ಬಿಸಿಯಾದರೆ ಅದರಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತದೆ. ಕಾಲು ಮೈಲಿ ಆಚೆ ನಿಂತ ಹಸುವಿನ ಮೈಬಿಸಿಯೂ ಅದಕ್ಕೆ ತಿಳಿಯುತ್ತಿತ್ತು ಎಂದು ಹೇಳುತ್ತಾರೆ.

ಇದೇ ಲ್ಯಾಂಗ್ಲಿಗೆ ಹಾರಾಟದ ಹುಚ್ಚೂ ಇತ್ತು. 1896ರ ಮೇ 6ರಂದು ಪೊಟೊಮ್ಯಾಕ್ ನದಿಯ ದೋಣಿಮನೆಯ ಮೇಲಿನಿಂದ ಅವರ ಉಗಿಚಾಲಿತ ವಿಮಾನ, ಏರೋಡ್ರೋಮ್ ನಂಬರ್ 5, ಚಿಮ್ಮಿ ಹಾರಿತು. ಒಳಗೆ ಯಾರೂ ಇರಲಿಲ್ಲ. ಸುಮಾರು 1 ಕಿಲೋಮೀಟರ್ ಹಾರಿ ನೀರಿಗಿಳಿಯಿತು. ಟೆಲಿಫೋನಿನ ಗ್ರಹಾಂ ಬೆಲ್ ಅದನ್ನು ಕಣ್ಣಾರೆ ನೋಡಿ ಫೋಟೊ ತೆಗೆದರು. ಮುಂದೆ 1903ರಲ್ಲಿ ಮನುಷ್ಯನನ್ನು ಕೂರಿಸಿ ಹಾರಿಸಲು ಹೋದ ಲ್ಯಾಂಗ್ಲಿ ಎರಡು ಸಲ ಸೋತು ಪತ್ರಿಕೆಗಳ ಅಪಹಾಸ್ಯಕ್ಕೆ ಗುರಿಯಾದರು. ಎರಡನೆಯ ಸೋಲು ಆಗಿ ಒಂಬತ್ತೇ ದಿನಕ್ಕೆ ರೈಟ್ ಸಹೋದರರು ಹಾರಿದರು. ಲೋಕ ಲ್ಯಾಂಗ್ಲಿಯನ್ನು ಸೋತವರ ಪಟ್ಟಿಗೆ ಸೇರಿಸಿತು. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ದೂರದ ಮೈಬಿಸಿಯನ್ನು ಗುರುತಿಸುವ ಕಣ್ಣು, ಆಳಿಲ್ಲದೆ ಹಾರುವ ರೆಕ್ಕೆ, ಎರಡೂ ಅವರ ಕೈಯಲ್ಲಿದ್ದವು. ಒಂದಕ್ಕೊಂದು ಜೋಡಿಸುವ ಕಾಲ ಮಾತ್ರ ಬಂದಿರಲಿಲ್ಲ.

ಅಡ್ಡಿಯಾಗಿದ್ದದ್ದು ತೂಕ. ಇಪ್ಪತ್ತನೆಯ ಶತಮಾನದ ಒಳ್ಳೆಯ ಥರ್ಮಲ್ ಕ್ಯಾಮೆರಾಗಳನ್ನು ವಿಪರೀತ ತಂಪಾಗಿ ಇಡಬೇಕಿತ್ತು. ಇಲ್ಲದಿದ್ದರೆ ಅವುಗಳ ಸ್ವಂತ ಬಿಸಿಯೇ ಅವಕ್ಕೆ ಮಂಕು ಕವಿಸುತ್ತಿತ್ತು. ತಂಪು ಮಾಡುವ ಸರಂಜಾಮು ಹೊರಲು ವಿಮಾನ, ಹೆಲಿಕಾಪ್ಟರುಗಳೇ ಬೇಕು. 1980ರ ದಶಕದಲ್ಲಿ ಅಮೆರಿಕದ ಹನಿವೆಲ್ ಕಂಪನಿ ಸೇನೆಗಾಗಿ ಗುಟ್ಟಾಗಿ ನಡೆಸಿದ ಕೆಲಸದಲ್ಲಿ ಲ್ಯಾಂಗ್ಲಿಯ ಪಟ್ಟಿಯೇ ಮರುಹುಟ್ಟು ಪಡೆಯಿತು. ಸಿಲಿಕಾನ್ ಚಿಪ್ಪಿನ ಮೇಲೆ ಸಾವಿರಾರು ಸೂಕ್ಷ್ಮ ಪಟ್ಟಿಗಳು, ವನೇಡಿಯಂ ಆಕ್ಸೈಡಿನವು, ಒಂದೊಂದೂ ಒಂದು ಬೋಲೊಮೀಟರ್. ತಂಪು ಮಾಡುವ ಗೊಡವೆಯಿಲ್ಲ. ಹೆಸರೂ ಮೈಕ್ರೊಬೋಲೊಮೀಟರ್. 1990ರ ದಶಕದಲ್ಲಿ ಗುಟ್ಟು ಹೊರಬಿದ್ದ ಮೇಲೆ ಕ್ಯಾಮೆರಾ ಅಂಗೈಯಗಲಕ್ಕೆ ಇಳಿಯಿತು.

ಸೇಂಟ್ ಡೆನಿಸ್‌ನ ಬಯಲಿಗೆ ಮರಳೋಣ. ಫೋನ್ ತೋರಿಸಿದ ಜಾಗದ ಮೇಲೆ ಡ್ರೋನ್ ಏರಿತು. ತೆರೆಯ ಮೇಲೆ ಮೂರು ಬಿಸಿ ಚುಕ್ಕೆಗಳು ಕಂಡವು. ಅಗ್ನಿಶಾಮಕ ದಳದವರು ನಡೆದರು. ಒಂದು ಚುಕ್ಕೆ ಅವನೇ ಆಗಿದ್ದ. ಮರವೊಂದರ ಬುಡದಲ್ಲಿ, ಹಿಮದಲ್ಲಿ, ಮುದುಡಿ ಬಿದ್ದಿದ್ದ. ಕರೆದರೆ ಓಗೊಡುವ ಸ್ಥಿತಿಯಲ್ಲಿರಲಿಲ್ಲ. ಬದುಕಿದ. ಸಣ್ಣ ಡ್ರೋನ್ ಒಂದು ಮನುಷ್ಯನ ಜೀವ ಉಳಿಸಿದ ಮೊದಲ ಘಟನೆ ಎಂದು ಇದನ್ನೇ ಹೇಳುವುದು ರೂಢಿ. ಆ ಮಾದರಿಯ ಡ್ರೋನ್ ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂನ ಸಂಗ್ರಹದಲ್ಲಿದೆ. ಏರೋಡ್ರೋಮ್ ನಂಬರ್ 5 ಇರುವುದೂ ಅದೇ ಮ್ಯೂಸಿಯಂನ ಸಂಗ್ರಹದಲ್ಲಿ. ಆ ಸ್ಮಿತ್ಸೋನಿಯನ್ನಿಗೆ 1887ರಿಂದ ಸಾಯುವವರೆಗೂ ಕಾರ್ಯದರ್ಶಿಯಾಗಿದ್ದವರು ಲ್ಯಾಂಗ್ಲಿ.

ಇಷ್ಟು ಓದಿದವರಿಗೆ ಶಿರೂರು ನೆನಪಾಗದೆ ಇರದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಅಲ್ಲೂ ಡ್ರೋನ್ ಹಾರಿತು. ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ನೀರು, ಮಣ್ಣುಗಳ ಅಡಿಯ ಲೋಹವನ್ನು ಗುರುತಿಸುವ ಸಾಧನ ಹೊತ್ತ ಡ್ರೋನನ್ನು ನದಿಯ ಮೇಲೆ ಹಾರಿಸಿತು. ಥರ್ಮಲ್ ಕ್ಯಾಮೆರಾ ಅಲ್ಲಿ ಕೆಲಸಕ್ಕೆ ಬಾರದು: ಬೊಗಸೆ ನೀರು, ಗೇಣು ಮಣ್ಣು ಅಡ್ಡ ಬಂದರೆ ಮೈಬಿಸಿಯ ಕಿರಣ ಅಲ್ಲೇ ಇಂಗಿಹೋಗುತ್ತದೆ. ಲೋಹದ ಸುಳಿವು ಸಿಕ್ಕಿತು, ಆದರೆ ಮಳೆಗಾಲದ ಗಂಗಾವಳಿಯ ಸೆಳೆತ ಮುಳುಗುಗಾರರನ್ನು ಒಳಗೆ ಬಿಡಲಿಲ್ಲ. ಹಾಗೆ ನದಿ ಪಾಲಾಗಿದ್ದ ಕೇರಳದ ಚಾಲಕನೊಬ್ಬನ ಲಾರಿ ಮೇಲೆ ಬಂದದ್ದು 71 ದಿನಗಳ ನಂತರ, ಸೆಪ್ಟೆಂಬರ್ 25ರಂದು, ಗೋವಾದಿಂದ ಹೂಳೆತ್ತುವ ಯಂತ್ರ ತಂದ ಮೇಲೆ. ಆತನ ದೇಹ ಲಾರಿಯ ಕ್ಯಾಬಿನ್ನಿನಲ್ಲೇ ಇತ್ತು.

ನೀರು, ಮಣ್ಣಷ್ಟೇ ಅಲ್ಲ, ಥರ್ಮಲ್ ಕ್ಯಾಮೆರಾಕ್ಕೆ ಬೇರೆ ಅಡ್ಡಿಗಳೂ ಇವೆ. ಬಿಸಿಲಿಗೆ ಕಾದ ಬಳ್ಳಾರಿಯ ಬಂಡೆ ಮನುಷ್ಯನಷ್ಟೇ ಬಿಸಿಯಿರಬಹುದು. ಅಲ್ಲಿ ಮಧ್ಯಾಹ್ನ ಅದಕ್ಕೆ ಎಲ್ಲವೂ ಒಂದೇ. ಬೆಳಗಿನ ಜಾವ, ನೆಲ ತಣಿದಾಗ, ಅದರ ಕಣ್ಣು ಚುರುಕು. ಪಶ್ಚಿಮ ಘಟ್ಟದ ದಟ್ಟ ಎಲೆಚಪ್ಪರದ ಕೆಳಗಿರುವವರನ್ನೂ ಅದು ಕಾಣದು. ಡ್ರೋನಿನ ಬ್ಯಾಟರಿಯೂ ಹೆಚ್ಚು ಹೊತ್ತು ಬಾಳದು. ಕಾಡನ್ನೆಲ್ಲ ಜಾಲಾಡುವ ತಾಕತ್ತು ಆ ಪುಟ್ಟ ಯಂತ್ರಕ್ಕಿಲ್ಲ. ಎಲ್ಲಿ ಹುಡುಕಬೇಕು ಎಂದು ಯಾರಾದರೂ ಹೇಳಿದರೆ, ಅಲ್ಲಿ ಕಣ್ಣು ಬಿಟ್ಟು ನೋಡುತ್ತದೆ. ಸೇಂಟ್ ಡೆನಿಸ್‌ನಲ್ಲಿ ಅದನ್ನು ಹೇಳಿದ್ದು ಚಳಿಗೆ ನಡುಗುತ್ತಿದ್ದ ಅವನದೇ ಫೋನು.

ಹಾಗಾಗಿ ಚಾರಣಕ್ಕೆ ಹೊರಟವರಲ್ಲಿ, ರಾತ್ರಿ ದೂರದ ದಾರಿ ಹಿಡಿಯುವವರಲ್ಲಿ ಒಂದು ವಿನಂತಿ. ದಾರಿ ತಪ್ಪಿದ್ದು ಗೊತ್ತಾದ ಕೂಡಲೇ, ಫೋನಿನಲ್ಲಿ ಚಾರ್ಜ್ ಇರುವಾಗಲೇ, 112ಕ್ಕೆ ಕರೆ ಮಾಡಿ. ಅಪಘಾತವಾಗಿದ್ದರೆ, ಬೆಂಕಿ, ನೀರಿನ ಅಪಾಯವಿಲ್ಲವೆಂದರೆ, ವಾಹನ ಬಿಟ್ಟು ದೂರ ಹೋಗಬೇಡಿ. ಕಾಡಿನಲ್ಲಿದ್ದರೆ ಹತ್ತಿರದ ಬಯಲು ಜಾಗಕ್ಕೆ ಬಂದು, ಆಕಾಶ ಕಾಣುವ ಕಡೆ, ಅಲ್ಲೇ ಕೂತಿರಿ.