ಸಂತಾನಹರಣ ಚಿಕಿತ್ಸೆಗೆ ಹಣ: ಸಮ್ಮತಿಯ ಪ್ರಶ್ನೆ

ಸಂತಾನಹರಣ ಶಸ್ತ್ರಚಿಕಿತ್ಸೆಯ ಕುರಿತು ಧರ್ಮಸಭೆಯ ಬೋಧನೆ ಸ್ಪಷ್ಟ. ಜಗದ್ಗುರು ಆರನೇ ಪೌಲರು 1968ರ ‘ಹುಮಾನೆ ವೀತೆ’ ವಿಶ್ವಪತ್ರದಲ್ಲಿ ಅದನ್ನು, ತಾತ್ಕಾಲಿಕವಿರಲಿ ಶಾಶ್ವತವಿರಲಿ, ನಿಷೇಧಿಸಿದ್ದಾರೆ. ಆದರೆ ಅದಕ್ಕಾಗಿ ಹಣ ನೀಡುವುದು ಬೇರೆಯೇ ಒಂದು ನೈತಿಕ ಕ್ರಿಯೆ. ಮೊದಲ ಪ್ರಶ್ನೆಗೆ ಉತ್ತರ ದೊರೆತೊಡನೆ ಎರಡನೆಯದೂ ಇತ್ಯರ್ಥವಾಯಿತೆಂಬ ಅವಸರ ನಮ್ಮ ತರಗತಿಗಳಲ್ಲಿಯೂ ಉಂಟು. ಆಗ ಹಣ ಪಡೆದವನ ದೋಷವಷ್ಟೇ ಕಾಣುತ್ತದೆ, ಕೊಟ್ಟವನು ಮರೆಯಾಗುತ್ತಾನೆ.

ಇಲ್ಲಿ ತುರ್ತು ಪರಿಸ್ಥಿತಿಯನ್ನು ಉದಾಹರಿಸುವುದು ಸುಲಭ. ಬಲಾತ್ಕಾರ ಅನ್ಯಾಯವೆಂದು ತಿಳಿಯಲು ದೈವಶಾಸ್ತ್ರದ ನೆರವು ಬೇಕಿಲ್ಲ. ನಿಜಕ್ಕೂ ಕಠಿಣವಾದುದು ಕೇರಳದ ಎರ್ನಾಕುಲಂ ಪ್ರಕರಣ. 1971ರ ಮಳೆಗಾಲದಲ್ಲಿ ಅಲ್ಲಿನ ಜಿಲ್ಲಾಡಳಿತದ ಶಿಬಿರವೊಂದರಲ್ಲಿ 63,000ಕ್ಕೂ ಹೆಚ್ಚು ಪುರುಷರು ಚಿಕಿತ್ಸೆ ಮಾಡಿಸಿಕೊಂಡರು. ಪ್ರತಿಫಲವಾಗಿ ದೊರೆತ ಹಣ ಮತ್ತು ವಸ್ತುಗಳ ಬೆಲೆ ಕೂಲಿಯಾಳಿನ ಹಲವು ವಾರಗಳ ಗಳಿಕೆಗೆ ಸಮ. ಇದು ಸ್ವಇಚ್ಛೆಯೇ?

ಹೌದೆಂದೇ ಸಂತ ಥಾಮಸ್ ಅಕ್ವಿನಾಸರನ್ನು ಓದಿದವರು ಹೇಳಬೇಕಾಗುತ್ತದೆ. ಬಿರುಗಾಳಿಗೆ ಸಿಕ್ಕ ಹಡಗನ್ನು ಉಳಿಸಲು ಸರಕನ್ನು ಸಮುದ್ರಕ್ಕೆ ಎಸೆಯುವವನು ಇಚ್ಛಾಪೂರ್ವಕವಾಗಿಯೇ ಎಸೆಯುತ್ತಾನೆ. ಗಾಳಿಯಿಲ್ಲದಿದ್ದರೆ ಎಸೆಯುತ್ತಿರಲಿಲ್ಲ ಎಂಬ ಅರ್ಥದಲ್ಲಿ ಮಾತ್ರ ಅದು ಅನಿಚ್ಛೆಯ ಕ್ರಿಯೆ. ಬಡವನನ್ನು ಬುದ್ಧಿಯಿಲ್ಲದ ಬೊಂಬೆಯೆಂದು ಎಣಿಸದಿರಲು ಈ ವಿವೇಚನೆ ಅಗತ್ಯ. ಆದರೆ ಬಿರುಗಾಳಿಯನ್ನೇ ಕಾದು, ಆ ಸರಕನ್ನು ಅಗ್ಗಕ್ಕೆ ಕೊಳ್ಳಲು ದೋಣಿ ತಂದವನ ವಿಷಯವೇನು?

ಕೂಲಿಯವನೂ ಹಸಿವಿನಿಂದಲೇ ದುಡಿಮೆಯನ್ನು ಮಾರುತ್ತಾನಲ್ಲ ಎಂಬ ಆಕ್ಷೇಪವಿದೆ. ಅವನು ಮಾರುವುದು ಇಂದಿನ ದುಡಿಮೆಯನ್ನು; ನಾಳೆಯ ದಿನ ಅವನದೇ. ಇಲ್ಲಿ ಮಾರಿದ್ದು ಬಹುಮಟ್ಟಿಗೆ ಮರಳಿ ಬಾರದು, ಇರುವ ಮಗು ತೀರಿಕೊಂಡರೂ ಬಾರದು. ಮೇಲಾಗಿ ಕೊಳ್ಳುವವನು ಬಯಸುವುದು ಬಡವನ ಶ್ರಮವನ್ನಲ್ಲ, ಬಡವನ ಮಕ್ಕಳ ಗೈರುಹಾಜರಿಯನ್ನು.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದೆನ್ನುತ್ತದೆ. ಸಾಲಗಾರ ತಾನಾಗಿಯೇ ಅದನ್ನು ಹೊತ್ತು ತಂದಾನು. ಆದರೂ ಆಜ್ಞೆ ಅವನಿಗಲ್ಲ, ಸಾಲ ಕೊಡುವವನಿಗೆ. ಸಮ್ಮತಿಯಿದ್ದ ಮಾತ್ರಕ್ಕೆ ಪಡೆಯುವ ಹಕ್ಕು ಹುಟ್ಟುವುದಿಲ್ಲ. 2016ರಲ್ಲಿ ಸಂತಾನಹರಣ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಆದೇಶಿಸಿದ ಸರ್ವೋಚ್ಚ ನ್ಯಾಯಾಲಯವೂ, ಅರ್ಥಪೂರ್ಣ ಆಯ್ಕೆಯೇ ಇಲ್ಲದವರ ಮೇಲೆ ಇಂಥ ಪ್ರೋತ್ಸಾಹಧನ ಬೀರುವ ಪರಿಣಾಮವನ್ನು ಮರುಪರಿಶೀಲಿಸಬೇಕೆಂದಿತು.

ಕಳೆದುಹೋದ ಕೂಲಿಗೆ, ಪ್ರಯಾಣಕ್ಕೆ ಕೊಡುವ ಪರಿಹಾರ ಬೇರೆ. ಮನಸ್ಸನ್ನು ತಿರುಗಿಸಲು ಕೊಡುವ ಹಣ ಬೇರೆ. ಸರ್ಕಾರಿ ಕಡತದಲ್ಲಿ ಎರಡಕ್ಕೂ ‘ಪರಿಹಾರ’ವೆಂದೇ ಹೆಸರಿರಬಹುದು. ಪಾಪನಿವೇದನೆ ಆಲಿಸುವ ಗುರುಗಳು ಈ ವ್ಯತ್ಯಾಸವನ್ನು ಬಲ್ಲವರಾಗಿರಬೇಕು. ಅಕ್ಕಿಯ ಡಬ್ಬಿ ಬರಿದಾದ ದಿನ ಒಪ್ಪಿದ ತಾಯಿಯ ಹೊಣೆಯೂ, ಯೋಜನೆ ರೂಪಿಸಿದ ಅಧಿಕಾರಿಯ ಹೊಣೆಯೂ ಒಂದೇ ತೂಕದವಲ್ಲ. ಇವರಿಬ್ಬರ ನಡುವೆ ಆಶಾ ಕಾರ್ಯಕರ್ತೆಯೂ ಇದ್ದಾಳೆ. ಕರೆತಂದ ಪ್ರತಿಯೊಬ್ಬರ ಲೆಕ್ಕದಲ್ಲಿ ಅವಳಿಗೂ ಹಣ ಸಲ್ಲುತ್ತದೆ. ಎಷ್ಟೋ ವೇಳೆ ಅವಳೂ ಅದೇ ಬಡತನದವಳು, ನಮ್ಮದೇ ಧರ್ಮಕೇಂದ್ರದವಳು.