ಊರಿನ ಹೆಸರು ಸರಕಿನ ಹೆಸರಾದಾಗ

ಮಳೆಗಾಲ ಬಂತೆಂದರೆ ಶಿಕಾರಿಪುರ, ಸೊರಬದ ತೋಟಗಳಲ್ಲಿ ಕೇಳುವ ಮಾತು, "ಬೋರ್ಡೋ ಹೊಡೆದಾಯ್ತಾ?" ಬೋರ್ಡೋ ಎಂಬುದು ದ್ರಾಕ್ಷಿಯ ಮದ್ಯಕ್ಕೆ ಹೆಸರಾದ ಫ್ರಾನ್ಸಿನ ಊರು. ಅಲ್ಲಿನ ಪ್ರಾಧ್ಯಾಪಕ ಮಿಲಾರ್ದೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಮೈಲುತುತ್ತ, ಸುಣ್ಣದ ದ್ರಾವಣವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾ. ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ನಮಗೀಗ ಬೋರ್ಡೋ ಎಂದರೆ ಊರಲ್ಲ, ಔಷಧಿ. ಆ ಊರಿಗೆ ಇದರಿಂದ ನಷ್ಟವಿಲ್ಲ. ಅದು ಮಾರುವುದು ಮದ್ಯವನ್ನು, ದ್ರಾವಣವನ್ನಲ್ಲ.

ಮಾರುವ ಸರಕಿನ ಹೆಸರೇ ಹೀಗೆ ಎಲ್ಲರದಾದರೆ ನಷ್ಟ ತಪ್ಪದು. 1937ರಲ್ಲಿ 'ಡಾಲ್ಡಾ' ಒಂದು ಕಂಪನಿಯ ವನಸ್ಪತಿಯಾಗಿ ಪೇಟೆಗೆ ಬಂತು. ನಮ್ಮ ಅಡಿಗೆಮನೆಗಳಲ್ಲಿ ಯಾರು ತಯಾರಿಸಿದ ವನಸ್ಪತಿಯೂ ಡಾಲ್ಡಾ ಎನಿಸಿಕೊಂಡಿತು. 'ಆಸ್ಪಿರಿನ್' ಜರ್ಮನಿಯ ಬೇಯರ್ ಕಂಪನಿಯ ಸ್ವತ್ತಾಗಿತ್ತು. ಜನರ ಬಾಯಲ್ಲಿ ಅದು ಮಾತ್ರೆಯ ಹೆಸರೇ ಆಗಿಹೋಗಿದೆಯೆಂದು 1921ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪಿತ್ತಿತು.

ಮದ್ಯ ತಯಾರಿಸುವ ಸೀಮೆಗಳವರು ಈ ಅಪಾಯವನ್ನು ಬೇಗ ಅರಿತರು. ಬ್ರಾಂದಿಯನ್ನು ಯಾವ ದೇಶದವರೂ ಇಳಿಸಬಹುದು. ಕೊನ್ಯಾಕ್ ಎನ್ನಬೇಕಾದರೆ ಅದು ಫ್ರಾನ್ಸಿನ ಆ ಸೀಮೆಯದೇ ಆಗಿರಬೇಕು. ಸ್ಕಾಚ್ ವಿಸ್ಕಿಯನ್ನು ಸ್ಕಾಟ್ಲೆಂಡಿನಲ್ಲೇ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು. ಗೋವೆಯ ಗೇರು ಫೆನ್ನಿಗೂ 2009ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು.

ಕಾಫಿಯಲ್ಲಿ ಎರಡು ಬಗೆಯೂ ಉಂಟು. ಬಾಬಾ ಬುಡನ್ ಏಳು ಬೀಜ ತಂದರೆಂಬ ಪ್ರತೀತಿ ಇರುವುದು ಯೆಮನ್ ದೇಶದ ಮೋಕಾ ಬಂದರಿನಿಂದ. ಇಂದು ಹೋಟೆಲಿನಲ್ಲಿ ಮೋಕಾ ಎಂದರೆ ಚಾಕೊಲೇಟ್ ಬೆರೆಸಿದ ಕಾಫಿ. ಬಂದರಿನ ನೆನಪು ಯಾರಿಗೂ ಇಲ್ಲ. ಆದರೆ ಬಾಬಾಬುಡನ್‌ಗಿರಿ ಅರೇಬಿಕಾ 2019ರಲ್ಲಿ ನೋಂದಣಿಯಾಗಿ ಉಳಿದುಕೊಂಡಿತು.

ಅದೇ ವರ್ಷ 'ಸಿರ್ಸಿ ಸುಪಾರಿ'ಯೂ ನೋಂದಣಿಯಾಯಿತು. ಆ ಹೆಸರು ಸಿರ್ಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳದು. ಗಡಿಯಾಚೆಯ ಸೊರಬದ ಅಡಿಕೆ ಎಷ್ಟೇ ಉತ್ತಮವಾದರೂ ಆ ಹೆಸರಿನಲ್ಲಿ ಮಾರುವಂತಿಲ್ಲ. ಇದು ನ್ಯಾಯವೇ, ನಾವು ಅಸೂಯೆ ಪಡಬೇಕಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬವು ದರ್ಜೆಯ ಹೆಸರುಗಳು, ಯಾವ ಊರಿನ ಸ್ವತ್ತೂ ಅಲ್ಲ. ನಮ್ಮ ಅಡಿಕೆಗೆ ನಮ್ಮ ಊರಿನ ಹೆಸರೂ ಜೊತೆಗೆ ಬೇಕೆಂದರೆ ಅದನ್ನು ನಾವೇ ಗಳಿಸಬೇಕು.

1999ರ ಕಾಯಿದೆಯಂತೆ ಸಾಮಾನ್ಯನಾಮವಾಗಿ ಹೋದ ಹೆಸರಿಗೆ ರಕ್ಷಣೆಯಿಲ್ಲ. ಹೆಸರನ್ನು ಪರರು ಕದಿಯುವುದಕ್ಕಿಂತ ಒಡೆಯರೇ ಸಡಿಲ ಬಿಡುವುದು ಹೆಚ್ಚು. ರಾಶಿಯಲ್ಲಿ ಗೊರಬಲು ಬೆರೆಸಿದ ಒಂದು ಚೀಲ ಪೇಟೆಗೆ ಹೋದರೆ, ಕೆಡುವುದು ಆ ಬೆಳೆಗಾರನೊಬ್ಬನ ಹೆಸರಲ್ಲ, ಎರಡು ತಾಲೂಕುಗಳದು. ಸದಸ್ಯ ಬಾಂಧವರು ಈ ಸುಗ್ಗಿಯಲ್ಲಿ ಚೀಲದ ಬಾಯಿ ಹೊಲಿಯುವ ಮುನ್ನ ಇದನ್ನು ನೆನೆಯಬೇಕಾಗಿ ವಿನಂತಿ.